ಹಗಲಿನ ರಕ್ತ

“ಇದು ಹುಳು ಮಾಡಿದ ಕೆಲಸ ಅಲ್ಲ. ಮಾತ್ರೆ ಮಾಡಿದ್ದು,” ಎಂದರು ಕಣ್ಣಿನ ಡಾಕ್ಟರು.

ಇನ್ಸ್‌ಪೆಕ್ಟರಮ್ಮ ಗಾಜಿನಾಚೆ ನೋಡಿದರು. ಐಸಿಯುವಿನ ಮೂಲೆಯ ಹಾಸಿಗೆಯಲ್ಲಿ ಡ್ರೈವರ್ ಮಲಗಿದ್ದ. ಆನೆ ಗಾತ್ರದ ದಿಮ್ಮಿಗಳನ್ನು ಕ್ರೇನಿನಲ್ಲಿ ಹೂವೆತ್ತಿದ ಹಾಗೆ ಎತ್ತುತ್ತಿದ್ದವನು. ಈಗ ಬಾಯಿಗೊಂದು ಕೊಳವೆ, ಮೂಗಿಗೊಂದು ಕೊಳವೆ. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಏರಿಸಿ ಇಳಿಸುತ್ತಿದ್ದದ್ದು ಪಕ್ಕದ ಮಿಷನ್ನು.

ದೂರದೇಶದ ಕಾಡಿನಲ್ಲಿ ಮರ ಕಡಿಯುವ ಕ್ಯಾಂಪಿನಲ್ಲಿ ದುಡಿದು ಮನೆಗೆ ಮರಳಿದವನ ಕಣ್ಣಿನ ಬಿಳಿಯಲ್ಲಿ ಒಂದು ದಿನ ದಾರದೆಳೆಯಂಥ ಹುಳು ಹರಿದುಹೋಗಿತ್ತು. ಡಾಕ್ಟರು ಅದನ್ನು ತೆಗೆದಿದ್ದರು. ಆಮೇಲೆ ಕೆಲವೇ ದಿನಗಳಲ್ಲಿ ಅವನು ಮಾತು ತೊದಲಿ, ಹೆತ್ತ ತಾಯಿಯ ಗುರುತನ್ನೂ ಮರೆತು, ಪ್ರಜ್ಞೆ ತಪ್ಪಿದ್ದ. “ಇದು ತಾನಾಗಿ ಆದದ್ದಲ್ಲ, ಯಾರೋ ಮಾಡಿದ್ದು” ಎಂದು ಹಟ ಹಿಡಿದು ಇನ್ಸ್‌ಪೆಕ್ಟರಮ್ಮನ ಮನೆ ಬಾಗಿಲು ತಟ್ಟಿದವಳು ಅವನ ಹೆಂಡತಿ. ಪೊಲೀಸ್ ಕೆಲಸ ಬಿಟ್ಟು ವರ್ಷಗಳೇ ಕಳೆದಿದ್ದರೂ ಆ ಬಾಗಿಲಿಗೆ ಜನ ಬರುವುದು ನಿಂತಿರಲಿಲ್ಲ.

ಆ ಹೆಂಡತಿ ಈಗ ಪಕ್ಕದಲ್ಲೇ ಗಾಜಿಗೆ ಹಣೆ ಒತ್ತಿ ನಿಂತಿದ್ದಳು. ಬಟ್ಟೆ ಹೊಲಿದು ಮನೆ ನಡೆಸುವವಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಅದನ್ನು ತೆಗೆದಿಟ್ಟು ಬರುವಷ್ಟೂ ಅವಳಿಗೆ ನೆನಪಿರಲಿಲ್ಲ.

“ಬಿಡಿಸಿ ಹೇಳಿ ಡಾಕ್ಟ್ರೇ,” ಎಂದರು ಇನ್ಸ್‌ಪೆಕ್ಟರಮ್ಮ. “ನನಗೆ ಕಳ್ಳರ ಭಾಷೆ ಗೊತ್ತು, ನಿಮ್ಮದು ಗೊತ್ತಿಲ್ಲ.”

ಡಾಕ್ಟರು ನಗಲಿಲ್ಲ. “ಕಣ್ಣಿಗೆ ಬಂದಿತ್ತಲ್ಲ, ಅದು ತಾಯಿ ಹುಳು. ನೋಡೋಕೆ ಭಯ, ಆದರೆ ಅದೊಂದು ದಾರಿಹೋಕ. ಚಿಮಟದಲ್ಲಿ ಹಿಡಿದು ತೆಗೆದರೆ ಮುಗೀತು. ಅಸಲಿ ಅಪಾಯ ಇರೋದು ರಕ್ತದಲ್ಲಿ ಓಡಾಡೋ ಮರಿಗಳಲ್ಲಿ. ಆ ಕಾಡಿನಲ್ಲಿ ಒಂದು ಜಾತಿ ನೊಣ ಇದೆ, ಅದು ಕಚ್ಚಿ ಹರಡೋ ಕಾಯಿಲೆ. ನಾನೂ ಅಲ್ಲಿವರೆಗೆ ಪುಸ್ತಕದಲ್ಲಿ ಮಾತ್ರ ನೋಡಿದ್ದೆ.”

“ಸರಿ.”

“ಆ ನೊಣ ಕಚ್ಚೋದು ಹಗಲು. ಅದಕ್ಕೇ ಮರಿಗಳೂ ಹಗಲು ಹೊತ್ತಲ್ಲೇ ರಕ್ತಕ್ಕೆ ಇಳೀತವೆ. ಕತ್ತಲಾದರೆ ಶ್ವಾಸಕೋಶದೊಳಗೆ ಹೋಗಿ ಅಡಗಿ ಕೂತ್ಕೋತವೆ. ರಾತ್ರಿ ರಕ್ತ ತೆಗೆದು ನೋಡಿದ್ರೆ ಒಂದೂ ಸಿಗಲ್ಲ.”

“ಹಗಲು ತೆಗೆದಿದ್ರೆ?”

“ಎಷ್ಟಿವೆ ಅಂತ ಗೊತ್ತಾಗ್ತಿತ್ತು. ಜಾಸ್ತಿ ಇದ್ದವರಿಗೆ ಈ ಹುಳುವಿನ ಮಾತ್ರೆ ಕೊಡಲೇಬಾರದು. ಕೊಟ್ಟರೆ ಎಲ್ಲಾ ಒಟ್ಟಿಗೆ ಸಾಯ್ತವೆ. ಸತ್ತ ಹೆಣಗಳು ಎಲ್ಲಿಗೆ ಹೋಗಬೇಕು ಹೇಳಿ? ಮಿದುಳಿನ ಸಣ್ಣ ನಾಳಗಳಲ್ಲಿ ಸಿಕ್ಕಿಹಾಕ್ಕೊಂಡು ಕೂತಿವೆ. ಇವನ ರಕ್ತ ತೆಗೆದಿರೋದು ರಾತ್ರಿ. ಲ್ಯಾಬಿನವರನ್ನೇ ಕೇಳಿ ತಿಳ್ಕೊಂಡೆ. ಹುಳು ಇಲ್ಲ ಅಂತ ಅವರು ಬರೆದುಕೊಟ್ಟಿದ್ದು ಸುಳ್ಳೇನಲ್ಲ.”

“ಹಗಲು ರಾತ್ರಿ ಅಂತ ಭೇದ ಇದೆ ಅಂತ ನಮಗೇನು ಗೊತ್ತು?” ಹೊಲಿಗೆಯವಳು ಗಾಜಿನಿಂದ ಹಣೆ ತೆಗೆಯದೆ ಕೇಳಿದಳು.

“ಮಧ್ಯಾಹ್ನವೇ ರಕ್ತ ಕೊಡಬೇಕು ಅಂತ ನಾನು ಹೇಳಿ ಕಳಿಸಿದ್ದೆನಲ್ಲಮ್ಮ.”

“ಅವರಿಗೆ ಹೇಳಿರ್ತೀರಿ. ಅವರು ನನಗೆ ಹೇಳಲಿಲ್ಲ.” ಅವಳು ತಿರುಗಿದಳು. “ಆ ಮಾತ್ರೆ ಕೊಟ್ಟಿದ್ದು ನಾನು ಅಕ್ಕ. ಬಿಸಿನೀರು ಆರಿಸಿ, ಲೋಟ ಕೈಗಿಟ್ಟು, ನುಂಗೋವರೆಗೂ ಎದುರಿಗೇ ನಿಂತಿದ್ದೆ. ಕಹಿ ಅಂದರು. ಮಗು ಥರ ಆಡಬೇಡಿ ಅಂತ ಬೈದೆ.”

ಬೆಂಚಿನ ಮೇಲೆ ಕೂತಿದ್ದ ಅವಳ ಅತ್ತೆ ಅಲ್ಲಿಂದಲೇ ಅಂದಳು: “ಅತ್ತು ಏನು ಮಾಡ್ತೀಯೇ? ಹೊಟ್ಟೆಯಲ್ಲಿಟ್ಟುಕೊಂಡು ಹೆತ್ತವಳು ನಾನು. ನನಗೇ ಕಣ್ಣೀರು ಬತ್ತಿ ಹೋಗಿದೆ.”

“ಇವರು ಏಳ್ತಾರಾ ಡಾಕ್ಟ್ರೇ?” ಇನ್ಸ್‌ಪೆಕ್ಟರಮ್ಮ ದನಿ ತಗ್ಗಿಸಿದರು.

ಡಾಕ್ಟರು ಮಿಷನ್ನಿನ ಕಡೆ ನೋಡಿದರು. “ಆಸೆ ಇಟ್ಕೊಳ್ಳಿ ಅಂತ ಹೇಳೋದು ಸುಲಭ. ಹೇಳಲ್ಲ.”

*

ಡ್ರೈವರನ ಅಣ್ಣನದು ಔಷಧಿ ಅಂಗಡಿ. ಬೀದಿಯವರಿಗೆಲ್ಲ ಅವನು ಮಾತ್ರೆಯಣ್ಣ. ತಲೆನೋವು ಅಂದರೆ ಮಾತ್ರೆ, ಹೊಟ್ಟೆನೋವು ಅಂದರೆ ಮಾತ್ರೆ, ಮನಸ್ಸಿಗೆ ಬೇಜಾರು ಅಂದರೂ ಡಬ್ಬಿ ತಡಕುವ ಮನುಷ್ಯ.

ಇನ್ಸ್‌ಪೆಕ್ಟರಮ್ಮ ಮೆಟ್ಟಿಲು ಹತ್ತುವುದಕ್ಕೂ ಅವನು ಗಲ್ಲಾದ ಹಿಂದಿನಿಂದ ಎದ್ದು ನಿಲ್ಲುವುದಕ್ಕೂ ಸರಿಹೋಯಿತು.

“ನಾನು ಏನೂ ತಪ್ಪು ಮಾಡಿಲ್ಲಮ್ಮ.”

“ನಾನಿನ್ನೂ ಬಾಯೇ ಬಿಟ್ಟಿಲ್ಲವಲ್ಲಪ್ಪ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡರಂತೆ.”

ಮಾತ್ರೆಯಣ್ಣ ಮತ್ತೆ ಕೂತ. ಕೂತಲ್ಲೇ ಅವನ ಮುಖ ಕುಸಿಯಿತು. “ಡಾಕ್ಟರ ಚೀಟಿ ಇಲ್ಲದೆ ಕೊಟ್ಟೆ. ಅದು ತಪ್ಪೇ. ಸ್ವಂತ ತಮ್ಮ ಬಂದು, ಅಣ್ಣಾ, ಕಣ್ಣೊಳಗೆ ಇನ್ನೂ ಏನೋ ಹರಿದಾಡ್ತಿದೆ, ನಿದ್ದೆ ಇಲ್ಲ ಅಂತ ಕೈ ಹಿಡ್ಕೊಂಡ. ಲ್ಯಾಬಿನವರು ಹುಳು ಇಲ್ಲ ಅಂದಿದಾರೆ, ಇನ್ನೇನು ಭಯ ಅಂದುಕೊಂಡೆ. ಎಷ್ಟೋ ಮಕ್ಕಳಿಗೆ ಕೊಟ್ಟಿರೋ ಮಾತ್ರೆ ಅದು. ಮನೆಮಂದಿಯೆಲ್ಲ ತಗೊಳ್ಳಿ ಅಂತ ಒಂದು ಡಬ್ಬಿನೇ ಕೊಟ್ಟುಬಿಟ್ಟೆ.”

“ರಕ್ತ ರಾತ್ರಿ ಯಾಕೆ ತೆಗೆಸಿದ್ರಿ?”

“ರಾತ್ರಿನೇ ಅಲ್ವಾ ತೆಗೆಯೋದು? ಆನೆಕಾಲಿನ ಹುಳಕ್ಕೆ ರಾತ್ರಿನೇ ಮನೆಮನೆಗೆ ಬಂದು ರಕ್ತ ತೆಗೀತಾರೆ. ಇದೂ ಅದರ ಬಳಗ ಅಂದುಕೊಂಡೆ.”

“ನೀವು ಹೇಳಿದ್ದಾ?”

“ನಾನು ಹೇಳಲಿಲ್ಲಮ್ಮ. ಅವರು ತೆಗೆಸಿಕೊಂಡೇ ಬಂದರು. ತಮ್ಮ, ಜೊತೆಗೆ ಆ ಗರಗಸ.”

ಗರಗಸ. ಕ್ಯಾಂಪಿನಲ್ಲಿ ಡ್ರೈವರನ ಜೊತೆ ಒಂದೇ ಕೊಠಡಿಯಲ್ಲಿ ಇದ್ದವನು, ಒಂದೇ ವಿಮಾನದಲ್ಲಿ ಮರಳಿದವನು. ಈಗ ಊರಾಚೆಯ ಮರದ ಡಿಪೋದಲ್ಲಿ ಹಲಗೆ ಸೀಳುವ ಕೆಲಸ. ಕೆಲಸವೂ ಗರಗಸ, ಗಂಟಲೂ ಗರಗಸ. ಹಾಗಾಗಿ ಆ ಹೆಸರು.

“ಲ್ಯಾಬಿಗೆ ಅವನೂ ಹೋಗಿದ್ನಾ?”

“ಅವನೇ ಸ್ಕೂಟರಲ್ಲಿ ಕರ್ಕೊಂಡು ಹೋಗಿದ್ದು.” ಮಾತ್ರೆಯಣ್ಣ ಅಂಗೈಯಿಂದ ಮುಖ ಒರೆಸಿಕೊಂಡ. “ನಾನು ಅಂಗಡಿ ಮುಚ್ತೀನಮ್ಮ. ನಿನ್ನೆ ಒಬ್ಬಳು ಮುದುಕಿಗೆ ನೆಗಡಿ ಮಾತ್ರೆ ಕೊಡೋಕೂ ಆಗಲಿಲ್ಲ.”

*

ಹೊಲಿಗೆಯವಳ ಮನೆಯ ಮುಂಗೋಣೆಯೇ ಅವಳ ಅಂಗಡಿ. ಶಾಲೆ ಸಮವಸ್ತ್ರದ ನೀಲಿ ಬಟ್ಟೆ ನೆಲದ ತುಂಬ ಹರಡಿತ್ತು. ಕೆಲಸ ನಿಲ್ಲಿಸುವಂತಿರಲಿಲ್ಲ, ಆಸ್ಪತ್ರೆಯ ಮಿಷನ್ನು ಓಡಬೇಕಾದರೆ ಇಲ್ಲಿಯ ಮಿಷನ್ನೂ ಓಡಬೇಕಿತ್ತು.

“ಗರಗಸನಿಗೂ ನಿನ್ನ ಗಂಡನಿಗೂ ಏನಾದ್ರೂ ಮನಸ್ತಾಪ ಇತ್ತಾ?”

ಅವಳು ಹೊಲಿಗೆ ನಿಲ್ಲಿಸಿದಳು. “ಯಾಕಕ್ಕ?”

“ಕೇಳಿದ್ದಕ್ಕೆ ಹೇಳು.”

“ಕ್ಯಾಂಪಿನಲ್ಲಿ ಒಬ್ಬ ಹುಡುಗ ಸತ್ತನಂತೆ. ದಿಮ್ಮಿಗೆ ಹಗ್ಗ ಬಿಗಿಯೋ ಕೆಲಸದವನು. ಮರ ಉರುಳಿಸುವಾಗ ಗರಗಸ ಕೂಗಿ ಹೇಳಲಿಲ್ಲ, ಅವನ ಮೇಲೇ ಬಿತ್ತು ಅಂತ ಇವರು ಹೇಳಿದ್ರು. ಇವರಿಗೆ ಅದು ಎದೆಯಲ್ಲೇ ಕೂತಿತ್ತು. ಆ ಹುಡುಗನ ಅಪ್ಪ ಅಮ್ಮನನ್ನ ಹುಡುಕಿ ನಿಜ ಹೇಳಿಬಿಡ್ತೀನಿ ಅಂತಿದ್ರು.”

ಇನ್ಸ್‌ಪೆಕ್ಟರಮ್ಮನಿಗೆ ಎಳೆಗೆ ಎಳೆ ಕೂಡಿಕೊಂಡಂತಾಯಿತು. ಬಾಯಿ ಮುಚ್ಚಿಸಬೇಕಾದ ಸಾಕ್ಷಿ. ಕಾಡಿನ ಕಾಯಿಲೆಯ ಗುಟ್ಟು ಬಲ್ಲ ಜೊತೆಗಾರ. ಕತ್ತಲಲ್ಲಿ ಲ್ಯಾಬಿಗೆ ಒಯ್ದ ಸ್ಕೂಟರು.

ಅರ್ಧ ತಿಳಿದದ್ದನ್ನು ನೊಂದವರ ಮುಂದೆ ಆಡಬಾರದು ಎಂದು ಕೆಲಸದಲ್ಲಿದ್ದಾಗ ಕಿರಿಯರಿಗೆ ಬುದ್ಧಿ ಹೇಳುತ್ತಿದ್ದವರೇ ಅವರು. ಆದರೆ ಎದುರಿಗೆ ಕೂತಿದ್ದವಳು ಗಂಡನ ಈ ಸ್ಥಿತಿಗೆ ತನ್ನ ಎರಡು ಕೈಗಳನ್ನೇ ಬೈದುಕೊಳ್ಳುತ್ತಿದ್ದಳು. ಆ ಕೈಗಳ ಮೇಲಿನ ಭಾರ ಸ್ವಲ್ಪವಾದರೂ ಇಳಿಸೋಣ ಅನ್ನಿಸಿತು.

“ನೀನಲ್ಲ ಕಣೆ ಕೊಟ್ಟಿದ್ದು,” ಎಂದರು. “ರಾತ್ರಿ ಕರ್ಕೊಂಡು ಹೋದವನು ಕೊಟ್ಟಿದ್ದು. ನಾಳೆ ಅವನನ್ನ ವಿಚಾರಿಸ್ತೀನಿ.”

ಹೊಲಿಗೆಯವಳು ಕತ್ತರಿ ತೆಗೆದುಕೊಂಡು ದಾರ ಕತ್ತರಿಸಿದಳು. “ನೀವು ವಿಚಾರಿಸಿದ್ರೆ ಅವನಿಗೆ ಏನಾಗುತ್ತೆ ಅಕ್ಕ?”

“ನಿಜ ಹೇಳಬೇಕು ಅಂದ್ರೆ, ಏನೂ ಆಗಲ್ಲ. ರಾತ್ರಿ ಲ್ಯಾಬಿಗೆ ಕರ್ಕೊಂಡು ಹೋಗೋದು ಯಾವ ಕಾನೂನಲ್ಲೂ ಅಪರಾಧ ಅಲ್ಲ.”

“ಹೂಂ,” ಎಂದಳು ಅವಳು. ಅಷ್ಟೇ.

*

ಮರುದಿನ ಊಟದ ಹೊತ್ತಿಗೆ ಇನ್ಸ್‌ಪೆಕ್ಟರಮ್ಮ ಮರದ ಡಿಪೋಗೆ ಹೋದರು. ಮಿಷನ್ನು ನಿಂತಿತ್ತು. ಹೊಟ್ಟಿನ ಹಳದಿ ರಾಶಿಯ ಪಕ್ಕ, ಹಲಗೆಯ ಮೇಲೆ ಕೂತು ಗರಗಸ ಊಟದ ಡಬ್ಬಿ ಬಿಚ್ಚುತ್ತಿದ್ದ. ಕಣ್ಣಿಗೆ ಕಪ್ಪು ಕನ್ನಡಕ.

“ಬನ್ನಿ ಇನ್ಸ್‌ಪೆಕ್ಟರಮ್ಮ. ಊಟ ಮಾಡ್ತೀರಾ?”

“ನಿನ್ನ ಜೊತೆ ಊಟಕ್ಕೆ ಬಂದಿಲ್ಲ.”

“ಹಾಗಾದ್ರೆ ನನ್ನನ್ನೇ ತಿನ್ನೋಕೆ ಬಂದಿರಬೇಕು,” ಎಂದು ಅವನು ನಕ್ಕ. ಆ ನಗುವಿಗೂ ಹಲ್ಲುಗಳಿದ್ದವು, ಮರ ಸೀಳಿದ ಸದ್ದು.

ಅವರು ಕೂರಲಿಲ್ಲ. “ಡ್ರೈವರನ್ನ ಲ್ಯಾಬಿಗೆ ಕರ್ಕೊಂಡು ಹೋಗಿದ್ದು ನೀನು.”

“ಹೌದು.”

“ಕತ್ತಲಾದ ಮೇಲೆ.”

“ಹೌದು. ಅದರಲ್ಲೇನು?”

“ಆ ಹುಳದ ಮರಿಗಳು ರಾತ್ರಿ ರಕ್ತದಲ್ಲಿ ಸಿಗಲ್ಲ. ಕ್ಯಾಂಪಿನಲ್ಲಿದ್ದು ಬಂದವನು ನೀನು. ನಿನಗೆ ಗೊತ್ತಿರುತ್ತೆ.”

“ಕ್ಯಾಂಪಿನಲ್ಲಾ?” ಗರಗಸ ತುತ್ತನ್ನು ಡಬ್ಬಿಗೇ ಹಾಕಿದ. “ಅಲ್ಲಿ ಕಾಲು ಮುರಿದ್ರೂ, ಜ್ವರ ಬಂದ್ರೂ ಒಂದೇ ಬಿಳಿ ಮಾತ್ರೆ ತಾಯಿ. ಅಲ್ಲಿ ನಮ್ಮ ರಕ್ತ ತೆಗೀತಿದ್ದಿದ್ದು ಸೊಳ್ಳೆ, ನೊಣ ಮಾತ್ರ. ಹಗಲು ರಾತ್ರಿ ಲೆಕ್ಕ ನಮಗ್ಯಾರು ಹೇಳ್ತಾರೆ?”

“ಹಗ್ಗದ ಹುಡುಗ ಸತ್ತನಲ್ಲ. ಅದನ್ನ ಡ್ರೈವರ್ ಹೊರಗೆ ಹಾಕ್ತಾನೆ ಅಂತ ನಿನಗೆ ಭಯ ಇತ್ತು.”

ಗರಗಸನ ನಗು ಆರಿತು. ಅವನು ಡಬ್ಬಿ ಮುಚ್ಚಿದ. ಮುಚ್ಚಳ ಸರಿಯಾಗಿ ಕೂರಲಿಲ್ಲ. ಎರಡು ಸಲ ಒತ್ತಿದ.

“ಆ ವಿಷಯ ನಿಮಗೆ ಯಾರು ಹೇಳಿದ್ರು?”

“ಯಾರೋ ಹೇಳಿದ್ರು. ನೀನು ಕೂಗದೆ ಮರ ಉರುಳಿಸಿದೆ, ಹುಡುಗನ ಮೇಲೆ ಬಿತ್ತು.”

“ಮರ ಬೀಳಲಿಲ್ಲ,” ಎಂದ ಗರಗಸ. “ಬಿದ್ದಿದ್ದು ದಿಮ್ಮಿ. ಆಕಾಶದಿಂದ ಬಿತ್ತು. ಕ್ರೇನಿಂದ. ಕ್ರೇನಲ್ಲಿ ಯಾರು ಕೂತಿರ್ತಾರೆ ತಾಯಿ? ನಾನಾ?”

ಡಿಪೋದ ಆಚೆ ಯಾರೋ ಹಲಗೆ ಎಸೆದ ಸದ್ದಾಯಿತು.

“ಇದ್ದಕ್ಕಿದ್ದ ಹಾಗೆ ಕಣ್ಣಲ್ಲಿ ಏನೋ ಹರಿದ ಹಾಗಾಯ್ತು, ಮಂಜು ಕವೀತು, ಕೈ ಜಾರ್ತು ಅಂತ ಅತ್ತ. ಯಾರೂ ನಂಬಲಿಲ್ಲ. ಕುಡಿದಿದ್ದ ಅಂದ್ರು. ನಾನೂ ನಂಬಲಿಲ್ಲ, ಆದರೆ ಬಾಯಿ ಮುಚ್ಕೊಂಡೆ. ಹಗ್ಗ ತುಂಡಾಯ್ತು ಅಂತ ಸಾಕ್ಷಿ ಹೇಳಿದೆ, ಅವನಿಗೋಸ್ಕರ. ಇಲ್ಲಿಗೆ ಬಂದ ಮೇಲೆ ಡಾಕ್ಟ್ರು ಅವನ ಕಣ್ಣಿಂದ ಹುಳ ತೆಗೆದು ಬಾಟಲಿಯಲ್ಲಿ ಹಾಕಿ ತೋರಿಸಿದಾಗ ಅವನು ನನ್ನ ಕೈ ಹಿಡ್ಕೊಂಡು, ನೋಡಿದೆಯಾ, ನಾನು ಸುಳ್ಳು ಹೇಳಿರಲಿಲ್ಲ ಅಂದ. ಅವತ್ತು ನಾವಿಬ್ಬರೂ ಅತ್ತಷ್ಟು ಆ ಹುಡುಗ ಸತ್ತಾಗಲೂ ಅತ್ತಿರಲಿಲ್ಲ.”

ಅವನ ದನಿಯಲ್ಲಿ ಸುಳ್ಳು ಹುಡುಕಿ ಇನ್ಸ್‌ಪೆಕ್ಟರಮ್ಮ ಸೋತರು.

“ಹಾಗಾದ್ರೆ ರಾತ್ರಿ ಯಾಕೆ ಹೋದ್ರಿ?”

“ನಾನು ಊಟದ ಹೊತ್ತಲ್ಲೇ ಹೋಗೋಣ ಅಂತ ಸ್ಕೂಟರ್ ತಗೊಂಡು ಅವನ ಮನೆಗೆ ಹೋಗಿದ್ದೆ. ಅವನೂ ಚಪ್ಪಲಿ ಹಾಕ್ಕೊಂಡಿದ್ದ. ಅವನ ಹೆಂಡತಿನೇ ಬೇಡ ಅಂದ್ಲು. ಬಿಸಿಲಲ್ಲಿ ಕಣ್ಣು ಉರಿಯುತ್ತೆ, ಕತ್ತಲಾದ ಮೇಲೆ ಹೋಗಿ ಅಂತ.”

ಇನ್ಸ್‌ಪೆಕ್ಟರಮ್ಮ ಈಗ ಹಲಗೆಯ ಮೇಲೆ ಕೂತರು. ಬಿಸಿಲಿಗೆ ಹೆದರಿ ಗಂಡನನ್ನು ತಡೆದವಳಿರಬಹುದು. ಯಾವ ಹೆಂಡತಿಯಾದರೂ ಹೇಳುವ ಮಾತೇ ಅದು. ಆದರೆ ನಿನ್ನೆ ತಾವು ಇವನ ಹೆಸರು ಎತ್ತಿದಾಗ ಅವಳು ಆ ಮಾತು ಎತ್ತಲಿಲ್ಲ.

“ಅವಳ ಮೇಲೆ ಕೋಪ ಮಾಡ್ಕೋಬೇಡಿ,” ಎಂದ ಗರಗಸ. “ಅಂಥ ಹೆಂಗಸು ಸಿಗಲ್ಲ. ತನ್ನ ಮನೆಗೇ ಬೆಂಕಿ ಬಿದ್ದಿದೆ, ಅಂಥದ್ರಲ್ಲೂ ಇವತ್ತು ಬೆಳಿಗ್ಗೆ ನನ್ನ ಹುಡುಕ್ಕೊಂಡು ಬಂದಿದ್ಲು.”

“ಇಲ್ಲಿಗಾ? ಯಾಕೆ?”

ಗರಗಸ ಕನ್ನಡಕ ತೆಗೆದ. ಎಡಗಣ್ಣಿನ ರೆಪ್ಪೆ ಊದಿ ಮುಚ್ಚಿಕೊಂಡಿತ್ತು. ಬಲಗಣ್ಣಿನ ಅಂಚು ಕೆಂಪಾಗಿತ್ತು.

“ಒಂದೇ ಕೊಠಡಿ, ಒಂದೇ ನೊಣ. ನನಗೂ ಇದೆ ತಾಯಿ. ಡಾಕ್ಟರ ಹತ್ತಿರ ಹೋಗೋಕೆ ಭಯ, ಹೇಳ್ಕೊಳ್ಳೋಕೆ ನಾಚಿಕೆ. ಇವರಿಗೆ ಮಾತ್ರೆ ಕೊಡೋದು ತಡ ಆಯ್ತು, ಮೊದಲೇ ಕೊಟ್ಟಿದ್ರೆ ಹುಷಾರಾಗ್ತಿದ್ರು, ನೀವಾದ್ರೂ ತಡ ಮಾಡಬೇಡಿ ಅಂದ್ಲು. ಮಿಕ್ಕಿದ್ದ ಮಾತ್ರೆ ಪೊಟ್ಟಣ ಕಟ್ಟಿಕೊಂಡು ತಂದಿದ್ಲು. ತಿಂಡಿ ಆದ ಮೇಲೆ ತಗೊಳ್ಳಿ ಅಂತ ಹೇಳಿ ಹೋದ್ಲು. ನನಗೆ ಹೀಗೆ ಔಷಧಿ ತಂದುಕೊಡೋರು ಯಾರಿದಾರೆ ಹೇಳಿ?”

“ತಗೊಂಡೆಯಾ?”

“ತಗೊಂಡೆ.”

“ಎಷ್ಟು?”

“ಇದ್ದಷ್ಟೂ.” ಅವನು ಅವರ ಮುಖ ನೋಡಿದ. “ಯಾಕೆ ತಾಯಿ, ಹಾಗೆ ನೋಡ್ತೀರಿ?”

ಇನ್ಸ್‌ಪೆಕ್ಟರಮ್ಮ ಎದ್ದು ಅವನ ತೋಳು ಹಿಡಿದರು. “ಏಳು,” ಎಂದರು. “ಸ್ಕೂಟರ್ ಬೇಡ. ಆಟೋ ಕರೀತೀನಿ. ನೀನು ಏನೂ ಓಡಿಸಬೇಡ.”

*

ಡಾಕ್ಟರು ಹೊಟ್ಟೆ ತೊಳೆಸಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಅದು, ಮಾತ್ರೆ ಬೆಳಿಗ್ಗೆಯೇ ಕರಗಿ ರಕ್ತಕ್ಕೆ ಸೇರಿಹೋಗಿತ್ತು. ಆಮೇಲೆ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಹಚ್ಚಿ ಮೈಕ್ರೋಸ್ಕೋಪಿನ ಕೆಳಗಿಟ್ಟರು. ಕಿಟಕಿಯಲ್ಲಿ ಬಿಸಿಲು ನೆತ್ತಿಗೇರಿ ಉರಿಯುತ್ತಿತ್ತು.

ಅವರು ನೋಡಿದರು. ಕಣ್ಣು ತೆಗೆದರು. ಮತ್ತೆ ನೋಡಿದರು. ಇನ್ಸ್‌ಪೆಕ್ಟರಮ್ಮನಿಗೆ ಜಾಗ ಬಿಟ್ಟುಕೊಟ್ಟರು.

ತುಂಬಿತುಳುಕುತ್ತಿತ್ತು. ಎಳೆ ಎಳೆಯಾಗಿ ಹೊರಳುತ್ತಿದ್ದವು, ಒಂದರ ಮೇಲೊಂದು. ಕೆಲವು ಆಗಲೇ ಸುಮ್ಮನಾಗಿದ್ದವು.

“ನಾನೂ ನೋಡ್ಲಾ?” ಮಂಚದ ಮೇಲಿಂದ ಗರಗಸ ಕೇಳಿದ.

ಬೇಡ ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ. ಅವನು ಎದ್ದು ಬಂದು, ಒಳ್ಳೆಯ ಕಣ್ಣನ್ನು ಕೊಳವೆಗೆ ಒತ್ತಿ, ತನ್ನ ರಕ್ತವನ್ನು ತಾನೇ ನೋಡಿದ. “ಅಬ್ಬಬ್ಬಾ! ಜಾತ್ರೆ ಕಣ್ರೀ ಒಳಗೆ.” ಆಮೇಲೆ ದನಿ ಇಳಿಯಿತು. “ಇವೆಲ್ಲ ಸಾಯ್ತವಾ ಡಾಕ್ಟ್ರೇ?”

“ಸಾಯ್ತವೆ.”

“ನಾನು?”

ಡಾಕ್ಟರು ಅವನ ಭುಜ ಹಿಡಿದು ಮಂಚದ ಮೇಲೆ ಕೂರಿಸಿದರು. “ತಲೆ ನೋಯ್ತಿದೆಯಾ?”

“ಸ್ವಲ್ಪ. ಬಿಸಿಲಿಗೆ ಇರಬೇಕು.”

ಇನ್ಸ್‌ಪೆಕ್ಟರಮ್ಮ ಹೊರಗೆ ಬಂದರು. ಡಾಕ್ಟರೂ ಬಾಗಿಲವರೆಗೆ ಬಂದರು. “ಮೇಲಿನ ಮಹಡಿಯಲ್ಲಿರೋನಿಗಿಂತ ಇವನಿಗೆ ಹೆಚ್ಚಿವೆ,” ಎಂದರು ಮೆಲ್ಲಗೆ. “ಮಾತಾಡೋದು ಏನಾದ್ರೂ ಇದ್ರೆ ಇವತ್ತೇ ಮಾತಾಡಿಸಿ. ನಾಳೆ ಇವನಿಗೆ ನಿಮ್ಮ ಗುರುತು ಸಿಗುತ್ತೋ ಇಲ್ಲವೋ.”

ಅವರು ಫೋನ್ ತೆಗೆದರು. ಮೊದಲ ರಿಂಗಿಗೇ ಹೊಲಿಗೆಯವಳು ಎತ್ತಿದಳು. ಹಿಂದೆ ಹೊಲಿಗೆ ಮಿಷನ್ನಿನ ಸದ್ದಿಲ್ಲ. ಬಸ್ಸಿನದೋ ಲಾರಿಯದೋ ಹಾರನ್ನು.

“ಎಲ್ಲಿದೀಯೇ?”

“ಹೊರಗಿದೀನಿ ಅಕ್ಕ. ಹೇಳಿ.”

“ಗರಗಸ ಇ‌ಲ್ಲೇ ಆಸ್ಪತ್ರೆಯಲ್ಲಿದಾನೆ. ನೀನು ಏನು ಮಾಡಿದೀಯ ಅಂತ ನಿನಗೆ ಗೊತ್ತಾ?”

“ನುಂಗಿದ್ನಾ ಅಕ್ಕ?”

ಆ ದನಿಯಲ್ಲಿ ಅಳುವಿತ್ತು. ಇನ್ಸ್‌ಪೆಕ್ಟರಮ್ಮ ಗೋಡೆಗೆ ಒರಗಿದರು. ನಿನ್ನೆ ತಾವು ಹೊರಿಸಿದ ಸುಳ್ಳು ಅಪರಾಧಕ್ಕೆ ಇವಳು ಸೇಡು ತೀರಿಸಿಕೊಂಡಿದ್ದಾಳೆ. ನಿರಪರಾಧಿಯೊಬ್ಬ ಒಳಗೆ ಸಾಯುತ್ತಿದ್ದಾನೆ. ತಪ್ಪು ತಮ್ಮ ನಾಲಿಗೆಯದು.

“ನುಂಗಿದಾನೆ ಕಣೆ,” ಎಂದರು. “ಅವನದೇನೂ ತಪ್ಪಿರಲಿಲ್ಲ.”

ಫೋನಿನಲ್ಲಿ ಮತ್ತೆ ಹಾರನ್ನು ಕೂಗಿತು. ಆಮೇಲೆ ಹೊಲಿಗೆಯವಳು ಕೇಳಿದಳು. ಈಗ ದನಿಯಲ್ಲಿ ಅಳು ಇರಲಿಲ್ಲ.

“ಲ್ಯಾಬಿಗೆ ಕತ್ತಲಾದ ಮೇಲೆ ಹೋಗಿದ್ದು ಯಾಕೆ ಅಂತ ನಿಮ್ಮ ಹತ್ತಿರ ಏನಾದ್ರೂ ಮಾತಾಡಿದ್ನಾ?”